ಒಲೆ ಎರಡು, ಎಲೆ ನಲವತ್ತು

ಮನೆಯಲ್ಲಿ ಶುಭಕಾರ್ಯವೆಂದರೆ ಹಿಗ್ಗದವರಾರು? ಮಗುವಿಗೆ ಹೆಸರಿಡುವುದಾಗಲಿ, ಮಗಳ ಸೀಮಂತವಾಗಲಿ, ಹೊಸ ಮನೆಯ ಪ್ರವೇಶವಾಗಲಿ, ದಿನ ಗೊತ್ತಾದೊಡನೆ ಏಳುವ ಮೊದಲನೆಯ ಪ್ರಶ್ನೆ ಊಟದ್ದು. ಅತ್ತೆಯವರು ಹೋಳಿಗೆಯಾಗಲಿ ಎನ್ನುತ್ತಾರೆ, ನಾದಿನಿ ಜಿಲೇಬಿ ಎನ್ನುತ್ತಾಳೆ, ಯಜಮಾನರು, “ಎರಡು ಸಿಹಿಯಾದರೂ ಇಲ್ಲದಿದ್ದರೆ ನಾಲ್ಕು ಜನ ಏನೆಂದಾರು?” ಎನ್ನುತ್ತಾರೆ. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಹೊರಬೇಕಾದ ಕೈಗಳೆಷ್ಟು, ಬೇಯಿಸಬೇಕಾದ ಒಲೆಗಳೆಷ್ಟು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹೀಗೆ ನಡೆದ ಕಾರ್ಯದ ಕೊನೆಯಲ್ಲಿ ಮನೆಯಲ್ಲಿ ಉಳಿಯುವುದು ಎರಡು. ಒಂದು, ತಿಂಗಳುಗಟ್ಟಲೆ ತೀರಿಸಬೇಕಾದ ಕೈಸಾಲ. ಇನ್ನೊಂದು, ಮೊಮ್ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿನಲ್ಲಿಯೂ ಒಗ್ಗರಣೆಯ ಮುಂದೆ ನಿಂತಿದ್ದ ಅಜ್ಜಿಯ ಮನಸ್ಸಿನ ಕೊರತೆ. ಸಾಲವನ್ನು ತೀರಿಸಬಹುದು, ಆ ಗಳಿಗೆಯನ್ನು ಮರಳಿ ತರಲಾಗದು.

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಜ್ಞಾನಭಾರತಿಯ ಸುತ್ತಮುತ್ತಲನ್ನೇ ನೋಡೋಣ. ಅದು ಮೂಲತಃ ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯದ ಆವರಣದ ಹೆಸರು. ಇಂದು ಆ ಹೆಸರು ಸುತ್ತಲಿನ ಬಡಾವಣೆಗಳಿಗೂ ಅಂಟಿಕೊಂಡಿದೆ. ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿಗಳವರೆಗೂ ಹಬ್ಬಿರುವ ಈ ಭಾಗದಲ್ಲಿ ಸಂಬಳವನ್ನು ಅಳೆದು ತೂಗಿ ಬಾಳುವ ಕುಟುಂಬಗಳು ಬಹಳ. ಮೂವತ್ತು-ನಲವತ್ತರ ನಿವೇಶನ, ಅದರಲ್ಲೊಂದು ಪುಟ್ಟ ಅಡುಗೆಮನೆ, ಅಲ್ಲಿ ಎರಡು ಉರಿಯ ಗ್ಯಾಸ್ ಒಲೆ. ಇಂತಹ ಮನೆಯಲ್ಲಿ ನಾಮಕರಣಕ್ಕೆ, ಮಕ್ಕಳೂ ಸೇರಿ ನಲವತ್ತು ಮಂದಿ ಬರುವರೆಂದು ಇಟ್ಟುಕೊಳ್ಳೋಣ.

ಒಲೆಯಿಂದ ಆರಂಭಿಸಿ

ಭಕ್ಷ್ಯಗಳ ಪಟ್ಟಿ ಬರೆಯುವ ಮೊದಲು ಒಲೆಯನ್ನೂ ಕೈಗಳನ್ನೂ ಎಣಿಸಬೇಕು. ಹೋಳಿಗೆಯನ್ನೇ ತೆಗೆದುಕೊಳ್ಳಿ. ತಲೆಗೆ ಎರಡರಂತೆ ಎಂಬತ್ತು ಹೋಳಿಗೆ. ಒಂದಕ್ಕೆ ಎರಡೇ ನಿಮಿಷವೆಂದರೂ ನೂರ ಅರುವತ್ತು ನಿಮಿಷ. ಹೂರಣ ರುಬ್ಬಿದ ಕಾಲ ಬೇರೆ. ಅಷ್ಟು ಹೊತ್ತೂ ಒಂದು ಒಲೆ, ಒಬ್ಬ ಹೆಂಗಸು ಅದಕ್ಕೇ ಮೀಸಲು. ಹೋಳಿಗೆ ಒಳ್ಳೆಯದಲ್ಲವೆಂದಲ್ಲ, ಅದು ಹತ್ತು ಜನರ ಯುಗಾದಿಗೆ ಹೇಳಿ ಮಾಡಿಸಿದ ತಿನಿಸು, ಎರಡು ಒಲೆಯ ನಲವತ್ತು ಎಲೆಗಲ್ಲ. ಒಂದೊಂದಾಗಿ ಬೇಯಿಸಬೇಕಾದ ದೋಸೆ, ಪೂರಿ, ವಡೆಗಳಿಗೂ ಇದೇ ಮಾತು ಸಲ್ಲುತ್ತದೆ. ಒಂದೇ ಪಾತ್ರೆಯಲ್ಲಿ ಒಮ್ಮೆಗೇ ಬೇಯುವ ಅಡುಗೆಗಳನ್ನು ಆರಿಸಿಕೊಂಡರೆ ಅರ್ಧ ಭಾರ ಅಲ್ಲಿಯೇ ಇಳಿಯಿತು.

ಹಾಗಾದರೆ ಎಲೆಯಲ್ಲಿ ಏನಿರಬೇಕು? ಹೆಸರುಬೇಳೆಯ ಕೋಸಂಬರಿ, ಒಂದು ಪಲ್ಯ, ಬಿಸಿಬೇಳೆಬಾತು, ಮೊಸರನ್ನ, ಕೇಸರಿಬಾತು, ಹಪ್ಪಳ, ಉಪ್ಪಿನಕಾಯಿ, ಕುಡಿಯಲು ನೀರುಮಜ್ಜಿಗೆ. ಕೋಸಂಬರಿಗೆ ಒಗ್ಗರಣೆಯ ಹೊರತು ಉರಿಯೇ ಬೇಡ. ಬಿಸಿಬೇಳೆಬಾತಿನಲ್ಲಿ ಅನ್ನ, ಬೇಳೆ, ತರಕಾರಿ ಮೂರೂ ಒಂದಾಗಿರುವುದರಿಂದ ಹುಳಿ, ಸಾರು, ಕೂಟುಗಳ ಮೂರು ಪಾತ್ರೆಗಳು ತಪ್ಪುತ್ತವೆ. ಇದು ಬಡ ಊಟವೇ? ಎಂದಿಗೂ ಅಲ್ಲ. ಬಿಸಿಯಾಗಿ, ತುಪ್ಪದ ಘಮದೊಡನೆ ಬಡಿಸಿದ ಬಿಸಿಬೇಳೆಬಾತನ್ನು ಎರಡನೆಯ ಸಲ ಕೇಳದ ಅತಿಥಿ ಅಪರೂಪ.

ನಲವತ್ತು ಎಲೆಗೆ ಅಳತೆ

ಬಿಸಿಬೇಳೆಬಾತಿಗೆ ಅಕ್ಕಿ ೨ ಕಿಲೋ, ತೊಗರಿಬೇಳೆ ೧¼ ಕಿಲೋ, ಹುರುಳಿಕಾಯಿ, ಗಜ್ಜರಿ, ನವಿಲುಕೋಸು ಸೇರಿ ೨½ ಕಿಲೋ ತರಕಾರಿ ಸಾಕು. ಮೊಸರನ್ನಕ್ಕೆ ಅಕ್ಕಿ ೧½ ಕಿಲೋ, ಹಾಲು ೧ ಲೀಟರು, ಮೊಸರು ೩ ಲೀಟರು. ಕೋಸಂಬರಿಗೆ ಹೆಸರುಬೇಳೆ ೬೦೦ ಗ್ರಾಂ, ಎಳೆಯ ಸೌತೆಕಾಯಿ ಆರು, ತೆಂಗಿನಕಾಯಿ ಒಂದು. ಪಲ್ಯಕ್ಕೆ ೩ ಕಿಲೋ ತರಕಾರಿ, ಇನ್ನೊಂದು ತೆಂಗಿನಕಾಯಿ. ಕೇಸರಿಬಾತಿಗೆ ರವೆ ೧ ಕಿಲೋ, ಸಕ್ಕರೆ ೧¼ ಕಿಲೋ, ತುಪ್ಪ ೪೦೦ ಗ್ರಾಂ. ನೀರುಮಜ್ಜಿಗೆಗೆ ೨ ಲೀಟರು ಮೊಸರಿಗೆ ೬ ಲೀಟರು ನೀರು. ಹಪ್ಪಳ ಅರುವತ್ತು.

ಬಿಸಿಬೇಳೆಬಾತನ್ನು ಒಂದೇ ಹಂಡೆಯಲ್ಲಿ ಮಾಡುವ ಬದಲು ಹತ್ತು ಹನ್ನೆರಡು ಲೀಟರಿನ ಎರಡು ದಪ್ಪತಳದ ಪಾತ್ರೆಗಳಲ್ಲಿ ಮಾಡುವುದು ಲೇಸು. ಮನೆಯ ಒಲೆಗೆ ಅವು ಹೊಂದುತ್ತವೆ, ತಳ ಹಿಡಿಯುವ ಭಯ ಕಡಿಮೆ. ಮೊದಲ ಪಂಕ್ತಿಗೆ ಒಂದು ಖಾಲಿಯಾಗುತ್ತಿರುವಾಗ ಮತ್ತೊಂದು ಬಿಸಿಯಾಗಿಯೇ ಇರುತ್ತದೆ. ಇಂತಹ ಪಾತ್ರೆಗಳನ್ನು ಕೊಳ್ಳಬೇಕಾಗಿಲ್ಲ. ಶಾಮಿಯಾನದ ಅಂಗಡಿಯಲ್ಲಿ ಬಾಡಿಗೆಗೆ ದೊರೆಯುತ್ತವೆ.

ಕೊಳ್ಳುವ ಜಾಣ್ಮೆ

ಅಕ್ಕಿ ಬೇಳೆಗಳಿಂದ ಯಾರ ಚೀಲವೂ ಬರಿದಾಗದು. ಅದನ್ನು ಬರಿದು ಮಾಡುವುವು ತುಪ್ಪ, ಗೋಡಂಬಿ, ಅಂಗಡಿಯ ಸಿಹಿ ಮತ್ತು ಅಕಾಲದ ತರಕಾರಿ. ೨೦೨೩ರ ಜುಲೈನಲ್ಲಿ ಬೆಂಗಳೂರಿನಲ್ಲಿ ಟೊಮ್ಯಾಟೊ ಕಿಲೋವಿಗೆ ನೂರು ರೂಪಾಯಿ ದಾಟಿದುದನ್ನು ಗೃಹಿಣಿಯರು ಮರೆತಿರಲಾರರು. ಹುಣಿಸೆಯ ಹುಳಿಯನ್ನು ನಂಬಿದ ಅಡುಗೆಗೆ ಆ ಬಿಸಿ ತಟ್ಟುವುದಿಲ್ಲ. ಚಳಿಗಾಲದ ಕಾರ್ಯವಾದರೆ ಮಾಗಡಿ ಕಡೆಯಿಂದ ಬರುವ ಅವರೆಕಾಯಿಯನ್ನು ಬಾತಿಗೆ ಸೇರಿಸಬಹುದು. ಬೇಸಗೆಯಾದರೆ ಕೋಸಂಬರಿಗೆ ತುರಿದ ಮಾವಿನಕಾಯಿ.

೨೦೨೧ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಮೆಟ್ರೊ ರೈಲು ಬಂದ ಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆ ಈ ಭಾಗದವರಿಗೆ ಹತ್ತಿರವಾಗಿದೆ. ಜ್ಞಾನಭಾರತಿ ನಿಲ್ದಾಣದಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿದರೆ ಮಾರುಕಟ್ಟೆಯ ಬಳಿಯೇ ಇಳಿಯಬಹುದು. ಹೂವು, ಬಾಳೆಎಲೆ, ತರಕಾರಿ ಒಂದೇ ಓಡಾಟದಲ್ಲಿ ಮುಗಿಯುತ್ತವೆ. ಬಾಳೆಎಲೆ ದುಬಾರಿಯೆನಿಸಿದರೆ ಮುತ್ತುಗದ ಎಲೆಯಾಗಲಿ, ಅಡಕೆಹಾಳೆಯ ತಟ್ಟೆಯಾಗಲಿ ಆದೀತು. ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ರಾಜ್ಯ ಸರಕಾರ ೨೦೧೬ರಲ್ಲಿಯೇ ನಿಷೇಧಿಸಿದೆ.

ಆರಿದ ಒಲೆಯ ಅರ್ಧ ಗಂಟೆ

ಹೆಸರಿಡುವ ಮುಹೂರ್ತ ಹತ್ತರಿಂದ ಹತ್ತೂವರೆ, ಊಟ ಹನ್ನೆರಡೂವರೆಗೆ ಎಂದಾದರೆ ಕೆಲಸದ ಕ್ರಮ ಹೀಗಿರಲಿ. ಹಿಂದಿನ ಸಂಜೆ ತರಕಾರಿ ಹೆಚ್ಚಿ ತಂಪುಪೆಟ್ಟಿಗೆಯಲ್ಲಿಡಿ, ರವೆ ಹುರಿದಿಡಿ, ಬಾತಿನ ಪುಡಿ ಸಿದ್ಧವಾಗಿರಲಿ. ಕಾಯಿಯನ್ನು ಮಾತ್ರ ಅಂದೇ ಬೆಳಗ್ಗೆ ತುರಿಯಬೇಕು. ಅನ್ನವನ್ನಂತೂ ಹಿಂದಿನ ರಾತ್ರಿ ಮಾಡಿಡಲೇಬಾರದು, ಸೆಕೆಯಲ್ಲಿ ಅದು ಕೆಡುತ್ತದೆ. ಬೆಳಗ್ಗೆ ಏಳಕ್ಕೆ ಹಪ್ಪಳ ಕರಿದು ಬಿಗಿಯಾದ ಡಬ್ಬಿಯಲ್ಲಿ ತುಂಬಿಡಿ. ಎಂಟಕ್ಕೆ ಒಂದು ಒಲೆಯಲ್ಲಿ ಕೇಸರಿಬಾತು, ಇನ್ನೊಂದರಲ್ಲಿ ಮೊಸರನ್ನದ ಅನ್ನ. ಒಂಬತ್ತಕ್ಕೆ ಕುಕ್ಕರಿನಲ್ಲಿ ಬೇಳೆ, ಅದೂ ಎರಡು ಸಲವಾಗಿ. ಬೇಳೆ ನೊರೆಯುಕ್ಕುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಪಕ್ಕದ ಒಲೆಯಲ್ಲಿ ಪಲ್ಯ.

ಹತ್ತು ಗಂಟೆಗೆ ಎರಡು ಒಲೆಯನ್ನೂ ಆರಿಸಿಬಿಡಿ. ಈ ಲೇಖನದ ತಿರುಳೇ ಇದು. ಆ ಅರ್ಧ ಗಂಟೆ ಅಡುಗೆಮನೆಯಲ್ಲಿ ಯಾರೂ ಇರಕೂಡದು. ಅಜ್ಜಿಯೂ ಚಿಕ್ಕಮ್ಮನೂ ಕೈತೊಳೆದು ತೊಟ್ಟಿಲ ಬಳಿ ನಿಲ್ಲಲಿ. ಹೆಸರುಬೇಳೆ ಆಗ ತಾನಾಗಿ ನೆನೆಯುತ್ತಿರುತ್ತದೆ. ಹತ್ತೂಮುಕ್ಕಾಲಕ್ಕೆ ಎರಡು ಪಾತ್ರೆಗಳಲ್ಲಿ ಅಕ್ಕಿ ತರಕಾರಿ ಬೇಯಲು ಇಟ್ಟು, ಬೆಂದ ಬೇಳೆ, ಹುಣಿಸೆಯ ರಸ, ಪುಡಿ ಬೆರೆಸಿ ಕುದಿಸಿದರೆ ಹನ್ನೆರಡೂಕಾಲಕ್ಕೆ ಬಾತು ಸಿದ್ಧ. ಆರಿದ ಅನ್ನವನ್ನು ಹಾಲಿನಲ್ಲಿ ಕಲಸಿ, ಹೆಪ್ಪುಮೊಸರನ್ನು ಊಟಕ್ಕೆ ತುಸು ಮುಂಚೆ ಸೇರಿಸಿದರೆ ಹುಳಿಯಾಗುವುದಿಲ್ಲ. ಕೋಸಂಬರಿಗೆ ಉಪ್ಪು ಎಲೆ ಹಾಕಿದ ಮೇಲೆಯೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಬಡಿಸುವುದು ಗಂಡಸರ ಹಾಗೂ ಹುಡುಗರ ಪಾಲಿಗಿರಲಿ. ಬೆಳಗಿನಿಂದ ಬೇಯಿಸಿದವರು ಬಡಿಸಲೂ ನಿಲ್ಲಬೇಕೆಂಬುದು ಯಾವ ಶಾಸ್ತ್ರ?

ನಾಲ್ಕು ಜನ ಏನೆಂದಾರು?

ಯಜಮಾನರ ಪ್ರಶ್ನೆ ಇನ್ನೂ ಉಳಿದಿದೆ. ೧೯೬೫ರಲ್ಲಿ ಆಹಾರದ ಅಭಾವ ಕಾಡಿದಾಗ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ದೇಶಕ್ಕೆ ಕರೆಯಿತ್ತರು. ಮರುವರ್ಷ, ೧೯೬೬ರಲ್ಲಿ, ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹ ಮಂತ್ರಮಾಂಗಲ್ಯದ ಸರಳ ವಿಧಾನದಲ್ಲಿ ನಡೆಯಿತು. ಇಂದಿಗೂ ಎಷ್ಟೋ ಕುಟುಂಬಗಳು ಅದನ್ನು ಹೆಮ್ಮೆಯಿಂದ ಅನುಸರಿಸುತ್ತಿವೆ. ಸರಳತೆ ಗೌರವಕ್ಕೆ ಕುಂದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮತ್ತೊಂದು ಕಡೆಯ ಲೆಕ್ಕವನ್ನೂ ಕೇಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನಗರದ ಕಲ್ಯಾಣಮಂಟಪಗಳನ್ನು ಸಮೀಕ್ಷಿಸಿ ೨೦೧೨ರಲ್ಲಿ ಹೊರತಂದ ಅಂದಾಜಿನಂತೆ, ವರ್ಷವೊಂದಕ್ಕೆ ಮದುವೆಗಳಲ್ಲಿ ಹಾಳಾಗುತ್ತಿದ್ದ ಆಹಾರ ೯೪೩ ಟನ್. ಪದಾರ್ಥಗಳ ಸಂಖ್ಯೆ ಹೆಚ್ಚಿದಷ್ಟೂ ಎಲೆಯ ಮೇಲೆ ಉಳಿಯುವುದೂ ಹೆಚ್ಚು. ಹದಿನೆಂಟು ಬಗೆಯನ್ನು ಒಂದೇ ಹೊಟ್ಟೆ ತಾಳಲಾರದಷ್ಟೆ. ಮೊದಲು ಮಿತವಾಗಿ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸುವುದೇ ಉಪಚಾರ. ಮಿಕ್ಕ ಬಾತನ್ನು ಆರುವ ಮುನ್ನವೇ ನೆರೆಮನೆಗಳಿಗೆ ಹಂಚಿಬಿಡಿ.

ಎರಡನೆಯ ಪಂಕ್ತಿಗೆ ಎಲೆ ಹಾಕುವಾಗ ಅಡುಗೆ ಮಾಡಿದವರ ಎಲೆಗಳನ್ನೂ ನಡುವೆಯೇ ಹಾಕಿಸಿ. ಬಿಸಿಬೇಳೆಬಾತು ಇನ್ನೂ ಬಿಸಿಯಾಗಿರುವಾಗಲೇ ಅವರಿಗೂ ತುಪ್ಪ ಬಡಿಸಲಿ.