ಪಾದ್ರಿಗಳ ಪುಸ್ತಕಕ್ಕೆ ಅಷ್ಟೊಂದು ರಿಬ್ಬನ್ ಏಕೆ?

ಬಹ್ರೇನ್‌ನ ಮನಾಮಾದಲ್ಲಿ ನಾವು ಹೋಗುವ ಸೇಕ್ರೆಡ್ ಹಾರ್ಟ್ ಚರ್ಚಿನ ಪಾದ್ರಿಗಳ ಬಳಿ ಬಣ್ಣಬಣ್ಣದ ರಿಬ್ಬನ್‌ಗಳಿರುವ ದಪ್ಪ ಪ್ರಾರ್ಥನಾ ಪುಸ್ತಕವಿದೆ. ಅದನ್ನು ಸಾಲಾಗಿ ಓದದೆ ಹಿಂದೆ ಮುಂದೆ ತಿರುವುವುದೇಕೆ?

ಅದು ಬ್ರೆವಿಯರಿ. ಬೆಳಗ್ಗೆ, ಹಗಲು, ಸಂಜೆ, ಮಲಗುವ ಮುನ್ನ ಪ್ರಾರ್ಥನೆ, ಜೊತೆಗೆ ಅನುಕೂಲವಾದಾಗ ಒಂದು ದೀರ್ಘ ವಾಚನ: ಕಥೋಲಿಕ ಪಾದ್ರಿಗಳಿಗೆ ಇದು ನಿತ್ಯದ ಕರ್ತವ್ಯ.

ಯಾವ ದಿನದ ಪ್ರಾರ್ಥನೆಯೂ ಅದರಲ್ಲಿ ಒಂದೇ ಕಡೆ ಇರುವುದಿಲ್ಲ. ಒಗ್ಗರಣೆಗೆ ಸಾಂಬಾರ ಡಬ್ಬಿಯ ಒಂದು ಬಟ್ಟಲಿಂದ ಸಾಸಿವೆ, ಇನ್ನೊಂದರಿಂದ ಜೀರಿಗೆ ತೆಗೆಯುತ್ತೇವಲ್ಲ, ಹಾಗೆ. ಕೀರ್ತನೆಗಳು ಒಂದು ಭಾಗದಲ್ಲಿ, ಕ್ರಿಸ್‌ಮಸ್, ಈಸ್ಟರ್ ಮುಂತಾದ ಕಾಲಗಳ ಪಾಠಗಳು ಇನ್ನೊಂದರಲ್ಲಿ, ಸಂತರ ಹಬ್ಬಗಳು ಮತ್ತೊಂದರಲ್ಲಿ. ಪ್ರತಿ ಭಾಗದಲ್ಲೂ ಇವತ್ತು ಎಲ್ಲಿದ್ದೇವೆ ಎಂದು ತೋರಿಸಲು ಒಂದೊಂದು ರಿಬ್ಬನ್.

ಇವು ಬೇರೆಬೇರೆ ವೇಗದಲ್ಲಿ ಸುತ್ತುವುದೇ ನಿಜವಾದ ತೊಡಕು. ಹಬ್ಬಗಳು ವರ್ಷಕ್ಕೊಮ್ಮೆ ಬಂದರೆ ಕೀರ್ತನೆಗಳ ಸುತ್ತು ನಾಲ್ಕೇ ವಾರ. ಪೋಪ್ ಹತ್ತನೇ ಪಿಯುಸ್ 1911ರಲ್ಲಿ ಮಾಡಿದ ವ್ಯವಸ್ಥೆಯಂತೆ ಬೈಬಲಿನ 150 ಕೀರ್ತನೆಗಳೂ ಒಂದೇ ವಾರದಲ್ಲಿ ಮುಗಿಯಬೇಕಿತ್ತು. ಪಾಪ, ಪಾದ್ರಿಗಳ ಅವಸರ ಊಹಿಸಿ! ಪೋಪ್ ಆರನೇ ಪೌಲ್ 1970ರಲ್ಲಿ ಅದನ್ನು ನಾಲ್ಕು ವಾರಗಳಿಗೆ ಹರಡಿದರು. ಶಾಪದ ಧಾಟಿಯ ಮೂರು ಕೀರ್ತನೆಗಳನ್ನು ಕೈಬಿಡಲಾಯಿತು.

ಬಹ್ರೇನ್‌ನಲ್ಲಿ ಶುಕ್ರವಾರ ರಜೆಯಾದ್ದರಿಂದ ಬಲಿಪೂಜೆಗೆ ಜನ ಅಂದು ಸೇರುತ್ತಾರೆ. ಬ್ರೆವಿಯರಿಯ ವಾರ ಮಾತ್ರ ಅಲ್ಲಿಯೂ ಭಾನುವಾರಕ್ಕೇ, ಅಂದರೆ ಶನಿವಾರ ಸಂಜೆಯ ಪ್ರಾರ್ಥನೆಗೇ, ಶುರು.

ಪಾದ್ರಿಗಳಿಗೆ ಕಡ್ಡಾಯವಾದರೂ ಇದನ್ನು ಯಾರು ಬೇಕಾದರೂ ಓದಬಹುದು. ಆಸಕ್ತಿಯಿದ್ದರೆ ರಾತ್ರಿಯ ಪ್ರಾರ್ಥನೆಯಿಂದ ಆರಂಭಿಸಿ, ಅದು ಚಿಕ್ಕದು.