ಕೈ ಊರದೆ ಏಳಬಲ್ಲಿರಾ?

ಬಿದ್ದವರ ಮನೆಗೆ ಹೋದಾಗ ನಾನು ಬಚ್ಚಲನ್ನು ಆಮೇಲೆ ನೋಡುತ್ತೇನೆ. ಮೊದಲು ಒಂದು ಕುರ್ಚಿ ತರಿಸಿ, ಎರಡೂ ಕೈ ಎದೆಗೆ ಕಟ್ಟಿಕೊಂಡು ಅದರಿಂದ ಎದ್ದು ನಿಲ್ಲಿ ಎನ್ನುತ್ತೇನೆ. ಎಷ್ಟೋ ಜನರ ಕೈ ತಾನಾಗಿಯೇ ಕುರ್ಚಿಯ ತೋಳು ಹುಡುಕುತ್ತದೆ. ನನಗೆ ಬೇಕಾದ ಉತ್ತರ ಅಲ್ಲೇ ಸಿಗುತ್ತದೆ.

ಮೈಸೂರಿನಲ್ಲಿ ಮನೆಮನೆಗೆ ಹೋಗಿ ಹಿರಿಯರಿಗೆ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಮನೆಯವರು ಸಾಮಾನ್ಯವಾಗಿ ಹೇಳುವುದು ಒಂದೇ: ನೆಲ ಒದ್ದೆ ಇತ್ತು, ಜಾರಿಬಿಟ್ಟರು. ಅದೇ ನೆಲದಲ್ಲಿ ಮೊಮ್ಮಗನೂ ಜಾರಿರುತ್ತಾನೆ. ಅವನ ಇನ್ನೊಂದು ಕಾಲು ಥಟ್ಟನೆ ಮುಂದೆ ಬಂದು ಮೈಯನ್ನು ತಡೆದಿರುತ್ತದೆ. ಅಜ್ಜಿಯ ಕಾಲಿಗೆ ಆ ಚುರುಕೂ ಇಲ್ಲ, ಬಲವೂ ಇಲ್ಲ.

ಆ ಬಲ ಹೋಗಲು ತಿಂಗಳುಗಟ್ಟಲೆ ಹಿಡಿದಿರುತ್ತದೆ. ವೈದ್ಯರು ಫ್ರೇಲ್ಟಿ ಎನ್ನುವ ಈ ನಿತ್ರಾಣವನ್ನು ಗುರುತಿಸಲು ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಐದು ಲಕ್ಷಣಗಳನ್ನು ಮುಂದಿಟ್ಟರು. ಪ್ರಯತ್ನವಿಲ್ಲದೆ ವರ್ಷದಲ್ಲಿ ನಾಲ್ಕೂವರೆ ಕಿಲೋದಷ್ಟು ತೂಕ ಇಳಿಯುವುದು, ಬಿಡದ ಸುಸ್ತು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ತಗ್ಗುವುದು. ಮೂರು ಕಂಡರೆ ನಿತ್ರಾಣ ಬಂದಿದೆ ಎಂದೇ ಅರ್ಥ. ಒಂದೋ ಎರಡೋ ಇದ್ದರೆ ದಾರಿಯಲ್ಲಿದೆ.

ಸರಸ್ವತಿಪುರದ ಒಬ್ಬ ಅಜ್ಜಿಯಲ್ಲಿ ಇವೆಲ್ಲ ಮನೆಯವರ ಕಣ್ಣೆದುರೇ ಇದ್ದವು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ರವಿಕೆ ತೋಳು ಎರಡು ಸಲ ಹಿಡಿಸಿದ್ದರು. ರಾತ್ರಿಯೂಟ ಹೋಗಿ ಒಂದು ಲೋಟ ಹಾಲು, ಎರಡು ಬಿಸ್ಕತ್ತಿಗೆ ಬಂದು ನಿಂತಿತ್ತು. ವಯಸ್ಸಾಯಿತಲ್ಲ ಅಂದುಕೊಂಡರು. ಸೊಸೆ ಒಳ್ಳೆಯ ಹೆಂಗಸು. ಅತ್ತೆ ತರಕಾರಿ ಹೆಚ್ಚಲು ಎದ್ದರೂ "ನೀವು ಕೂತ್ಕೊಳಿ ಅತ್ತೆ, ನಾನ್ ಮಾಡ್ತೀನಿ" ಅನ್ನುತ್ತಿದ್ದಳು. ಒಮ್ಮೆ ನಡುಮನೆಯಲ್ಲಿ ಮುಗ್ಗರಿಸಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಹೆದರಿಕೆ ಮಾತ್ರ ಮೈಗಂಟಿತು. ಮಗ, "ಮಂಚ ಬಿಟ್ಟು ಇಳೀಬೇಡ, ಏನಾದ್ರೂ ಬೇಕಾದ್ರೆ ಕೂಗಮ್ಮ" ಅಂದ. ಅಜ್ಜಿ ಹಾಗೇ ಮಾಡಿದರು. ಎರಡನೆಯ ಸಲ ಬಿದ್ದಾಗ ತೊಡೆಮೂಳೆಯ ಕತ್ತು ಮುರಿಯಿತು.

ಇಬ್ಬರನ್ನೂ ನಾನು ದೂರುವುದಿಲ್ಲ. ಆದರೆ "ಕೂತ್ಕೊಳಿ" ಅನ್ನುವ ಪ್ರೀತಿ ಹಿರಿಯರ ಕಾಲನ್ನು ತಿನ್ನುತ್ತದೆ ಎಂದು ಹೋದ ಮನೆಯಲ್ಲೆಲ್ಲ ಹೇಳುತ್ತೇನೆ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿ ಅಳೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು.

ಕರಗಿದ್ದು ಮರಳಿ ಬರುತ್ತದೆ, ತೊಂಬತ್ತರಲ್ಲೂ ಬರುತ್ತದೆ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದವರಿಗೆ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ಅದು 1990ರ ಮಾತು. ಆಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ನೋಡಿದಾಗ, ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವುದು ಶೇ. 23ರಷ್ಟು ಕಡಿಮೆ ಎಂದು ತಿಳಿಯಿತು. ಸಂಜೆ ಪಾರ್ಕಿನಲ್ಲಿ ಒಂದು ಸುತ್ತು ಹಾಕುವುದು ಒಳ್ಳೆಯದೇ, ಆದರೆ ಅದಷ್ಟೇ ಸಾಲದು. ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು ಬೇಕು. ಜೊತೆಗೆ ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಇರಬೇಕು. ಗಂಜಿ, ಬಿಸ್ಕತ್ತಿನಿಂದ ಮಾಂಸಖಂಡ ಬೆಳೆಯದು.

ಮಾತ್ರೆಗಳನ್ನೂ ಮರೆಯಬಾರದು. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಂಶ ಇಳಿದರೆ ಕಣ್ಣು ಕತ್ತಲಿಟ್ಟು ಬೀಳುವ ಅಪಾಯವಿದೆ. ಬಿಪಿ, ಪ್ರಾಸ್ಟೇಟ್, ನಿದ್ದೆ ಮಾತ್ರೆಗಳು ಇದಕ್ಕೆ ಕೈಜೋಡಿಸುತ್ತವೆ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ; ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸುರಿಯಿರಿ, ನಿಂತಾಗಲೂ ಬಿಪಿ ನೋಡಿ ಎಂದು ಕೇಳಿ. ರಾತ್ರಿ ಮೂತ್ರಕ್ಕೆ ಏಳುವವರು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ಪಾದ ಮೇಲೆಕೆಳಗೆ ಆಡಿಸಿ ಆಮೇಲೆ ನಿಲ್ಲಲಿ.

ಮನೆಯ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ: ಜಾರುವ ಕಾಲೊರಸು, ಸವೆದ ಹವಾಯಿ ಚಪ್ಪಲಿ, ಬಚ್ಚಲ ದಾರಿಯಲ್ಲಿ ದೀಪವಿಲ್ಲದಿರುವುದು. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಬಚ್ಚಲಲ್ಲಿ ಟವೆಲ್ ಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ, ಹಿಡಿದವರ ಕೈಗೇ ಕಿತ್ತು ಬರುತ್ತದೆ. ಹಿಡಿಕೆಯನ್ನು ಬೇರೆಯಾಗಿ, ಗೋಡೆಗೆ ಭದ್ರವಾಗಿ ಕೂರಿಸಬೇಕು.

ಇಷ್ಟೆಲ್ಲ ಮಾಡಿದರೂ ಕೆಲವರು ಬೀಳುತ್ತಾರೆ. ಆದ್ದರಿಂದ ಏಳುವುದನ್ನೂ ಕಲಿಸುತ್ತೇನೆ. ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎಳೆಯಬೇಡಿ. ಸೊಂಟ, ತೊಡೆಸಂದಿನಲ್ಲಿ ಜೋರು ನೋವಿದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ, ಅಲುಗಿಸದೆ ಆಂಬುಲೆನ್ಸ್ ಕರೆಸಿ. ಏನೂ ಆಗಿಲ್ಲವೆಂದು ಖಾತ್ರಿಯಾದರೆ, ಪಕ್ಕಕ್ಕೆ ಹೊರಳಿ, ಮೊಣಕಾಲೂರಿ, ಎದುರಿಗಿಟ್ಟ ಕುರ್ಚಿಗೆ ಎರಡೂ ಕೈ ಕೊಟ್ಟು, ಗಟ್ಟಿಯಿರುವ ಕಾಲನ್ನು ಮೊದಲು ನೆಲಕ್ಕೂರಿ ಅವರೇ ಏಳಲಿ. ನೀವು ಕುರ್ಚಿ ಜರುಗದಂತೆ ಹಿಡಿದುಕೊಂಡಿರಿ.