ಕಾರಿನ ಒಳದೀಪ

ಕಾರಿನ ಒಳದೀಪವು ವಾಹನದ ಒಳಭಾಗಕ್ಕೆ ಬೆಳಕು ನೀಡಲು ಸಾಮಾನ್ಯವಾಗಿ ಚಾವಣಿಯಲ್ಲಿ ಅಳವಡಿಸಿರುವ ಸಣ್ಣ ವಿದ್ಯುದ್ದೀಪ. ಬಾಗಿಲು ತೆರೆದಾಗ ತಾನಾಗಿ ಹೊತ್ತಿಕೊಂಡು, ಮುಚ್ಚಿದಾಗ ಆರುವುದು ಇದರ ಮುಖ್ಯ ಲಕ್ಷಣ. ಎಲ್ಲ ಬಾಗಿಲುಗಳನ್ನು ಮುಚ್ಚಿದ ಮೇಲೂ ದೀಪ ಆರದಿರುವುದು ಕಾರುಗಳಲ್ಲಿ ಆಗಾಗ ಕಂಡುಬರುವ ತೊಂದರೆ. ಇಂತಹ ಸಂದರ್ಭಗಳಲ್ಲಿ ದೋಷವು ಬಹುಮಟ್ಟಿಗೆ ದೀಪದಲ್ಲಿರುವುದಿಲ್ಲ. ಬಾಗಿಲು ತೆರೆದಿದೆ ಎಂಬ ಸೂಚನೆ ಅದಕ್ಕೆ ತಲುಪುತ್ತಲೇ ಇರುತ್ತದೆ. ಆ ಸೂಚನೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಹಿಡಿಯುವುದೇ ದುರಸ್ತಿಯ ತಿರುಳು.

ಕಾರ್ಯವಿಧಾನ

ಒಳದೀಪಕ್ಕೆ ಸಾಮಾನ್ಯವಾಗಿ ಮೂರು ಸ್ಥಾನಗಳ ಸ್ವಿಚ್ಚು ಇರುತ್ತದೆ. ಮೊದಲನೆಯದರಲ್ಲಿ ದೀಪ ಸದಾ ಉರಿಯುತ್ತದೆ, ಎರಡನೆಯದರಲ್ಲಿ ಬಾಗಿಲಿನ ಚಲನೆಯನ್ನು ಅನುಸರಿಸುತ್ತದೆ, ಮೂರನೆಯದರಲ್ಲಿ ಆರಿರುತ್ತದೆ.

ಹಳೆಯ ಮಾದರಿಯ ಅನೇಕ ಕಾರುಗಳಲ್ಲಿ ದೀಪದ ಒಂದು ತಂತಿಯು ಫ್ಯೂಸ್ ಮೂಲಕ ಬ್ಯಾಟರಿಯ ಧನಧ್ರುವಕ್ಕೆ ಸೇರಿರುತ್ತದೆ. ಇನ್ನೊಂದು ತಂತಿಯು ಬಾಗಿಲ ಚೌಕಟ್ಟಿನಲ್ಲಿರುವ ಗುಂಡಿಯಂತಹ ಸ್ವಿಚ್ಚಿನ ಮೂಲಕ ಕಾರಿನ ಲೋಹದ ಮೈಗೆ ಸೇರುತ್ತದೆ. ಬ್ಯಾಟರಿಯ ಋಣಧ್ರುವವೂ ಈ ಮೈಗೆ ಜೋಡಣೆಯಾಗಿರುವುದರಿಂದ, ಬಾಗಿಲು ತೆರೆದು ಗುಂಡಿ ಹೊರಚಾಚಿದಾಗ ವಿದ್ಯುನ್ಮಂಡಲ ಪೂರ್ಣಗೊಂಡು ದೀಪ ಉರಿಯುತ್ತದೆ. ಬಾಗಿಲು ಮುಚ್ಚಿ ಗುಂಡಿ ಒಳಗೆ ಒತ್ತಲ್ಪಟ್ಟಾಗ ಸಂಪರ್ಕ ಕಡಿದು ದೀಪ ಆರುತ್ತದೆ. ಬಾಗಿಲುಗಳ ಪೈಕಿ ಯಾವುದಾದರೂ ಒಂದರ ಸ್ವಿಚ್ಚು ಸಂಪರ್ಕದಲ್ಲಿ ಉಳಿದರೂ ದೀಪ ಆರುವುದಿಲ್ಲ.

ಇತ್ತೀಚಿನ ಅನೇಕ ಕಾರುಗಳಲ್ಲಿ ಈ ಸ್ವಿಚ್ಚು ಬಾಗಿಲಿನ ಲಾಕ್‌ನ ಒಳಗೇ ಇದ್ದು, ಅದರ ಸೂಚನೆ ಒಂದು ಇಲೆಕ್ಟ್ರಾನಿಕ್ ನಿಯಂತ್ರಕಕ್ಕೆ ಹೋಗುತ್ತದೆ. ಇಂತಹ ಕಾರುಗಳಲ್ಲಿ ಬಾಗಿಲು ಮುಚ್ಚಿದ ಬಳಿಕವೂ ದೀಪ ಕೆಲವು ಸೆಕೆಂಡುಗಳ ಕಾಲ ಉರಿದು ಮೆಲ್ಲನೆ ಆರುವುದುಂಟು. ಇದು ದೋಷವಲ್ಲ.

ಬ್ಯಾಟರಿಯ ಮೇಲಾಗುವ ಪರಿಣಾಮ

12 ವೋಲ್ಟ್ ಬ್ಯಾಟರಿಯಿಂದ 10 ವ್ಯಾಟ್‌ನ ಬಲ್ಬು ಸುಮಾರು 0.8 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. 24 ಗಂಟೆ ಉರಿದರೆ ಸುಮಾರು 20 ಆಂಪಿಯರ್-ಗಂಟೆ ವ್ಯಯವಾಗುತ್ತದೆ. ಇದು 35 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಎಂಜಿನ್ ಚಾಲನೆ ಮಾಡುವ ಸ್ಟಾರ್ಟರ್ ಮೋಟರಿಗೆ ಕ್ಷಣಕಾಲ ನೂರಕ್ಕೂ ಹೆಚ್ಚು ಆಂಪಿಯರ್ ಬೇಕಾಗುವುದರಿಂದ, ಸೊರಗಿದ ಬ್ಯಾಟರಿ ಅದನ್ನು ತಿರುಗಿಸಲಾರದು. 1 ವ್ಯಾಟ್‌ನ ಎಲ್‌ಇಡಿ ದೀಪವಾದರೆ ದಿನಕ್ಕೆ ಸುಮಾರು 2 ಆಂಪಿಯರ್-ಗಂಟೆಯಷ್ಟೇ ವ್ಯಯವಾಗುತ್ತದೆ. ಸೀಸ-ಆಮ್ಲ ಬ್ಯಾಟರಿಯು ಪದೇಪದೇ ಪೂರ್ತಿ ಬರಿದಾದರೆ ಅದರ ಆಯುಷ್ಯವೂ ಕುಗ್ಗುತ್ತದೆ.

ಆರದಿರಲು ಕಾರಣಗಳು

1. ದೀಪದ ಸ್ವಿಚ್ಚು ಸದಾ ಉರಿಯುವ ಸ್ಥಾನದಲ್ಲಿರುವುದು. ಮಕ್ಕಳ ಕೈ ತಗುಲಿಯೋ, ಸ್ವಚ್ಛಗೊಳಿಸುವಾಗಲೋ ಹೀಗಾಗಬಹುದು.

2. ಡ್ಯಾಶ್‌ಬೋರ್ಡಿನ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ತಿರುಗುಗುಂಡಿ ಕೊನೆಯವರೆಗೆ ತಿರುಗಿರುವುದು. ಕೆಲವು ಕಾರುಗಳಲ್ಲಿ ಈ ಗುಂಡಿಯಿಂದಲೇ ಒಳದೀಪವೂ ಹೊತ್ತಿಕೊಳ್ಳುತ್ತದೆ.

3. ಬಾಗಿಲು ಅಥವಾ ಡಿಕ್ಕಿ ಪೂರ್ತಿ ಮುಚ್ಚದಿರುವುದು. ಕಾರಿನ ಬಾಗಿಲಿನ ಲಾಕ್ ಎರಡು ಹಂತಗಳಲ್ಲಿ ಹಿಡಿದುಕೊಳ್ಳುತ್ತದೆ. ಮೊದಲ ಹಂತದಲ್ಲೇ ನಿಂತ ಬಾಗಿಲು ಮುಚ್ಚಿದಂತೆ ಕಂಡರೂ ಭದ್ರವಾಗಿರುವುದಿಲ್ಲ.

4. ಬಾಗಿಲ ಸ್ವಿಚ್ಚು ಕೆಡುವುದು. ಧೂಳು, ಮಳೆನೀರು ಮತ್ತು ತುಕ್ಕಿನಿಂದ ಗುಂಡಿ ಸಿಕ್ಕಿಕೊಳ್ಳುತ್ತದೆ. ಒಣಗಿದ ಗ್ರೀಸ್‌ನಿಂದ ಲಾಕ್‌ನೊಳಗಿನ ಸ್ವಿಚ್ಚೂ ಚಲಿಸದೆ ಹೋಗಬಹುದು.

5. ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಾಗುವುದು. ಬಾಗಿಲಿಗೂ ಕಂಬಕ್ಕೂ ನಡುವೆ ರಬ್ಬರ್ ಕೊಳವೆಯಲ್ಲಿ ಹಾಯುವ ತಂತಿಗಳು ಪ್ರತಿ ಬಾರಿಯೂ ಬಾಗುವುದರಿಂದ ಅಲ್ಲಿಯೇ ಬೇಗ ಸವೆಯುತ್ತವೆ.

ಪರೀಕ್ಷೆ ಮತ್ತು ದುರಸ್ತಿ

ಮೊದಲು ದೀಪದ ಸ್ವಿಚ್ಚನ್ನೂ ಡ್ಯಾಶ್‌ಬೋರ್ಡಿನ ಗುಂಡಿಯನ್ನೂ ನೋಡಿ, ಬಳಿಕ ಪ್ರತಿಯೊಂದು ಬಾಗಿಲನ್ನೂ ಡಿಕ್ಕಿಯನ್ನೂ ತೆರೆದು ಭದ್ರವಾಗಿ ಮುಚ್ಚಬೇಕು. ಡ್ಯಾಶ್‌ಬೋರ್ಡಿನಲ್ಲಿ ಬಾಗಿಲಿನ ಸೂಚಕವಿದ್ದರೆ ಯಾವ ಬಾಗಿಲು ಎಂಬುದು ಅಲ್ಲಿಯೇ ತಿಳಿಯಬಹುದು.

ಚೌಕಟ್ಟಿನ ಗುಂಡಿಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿಬಿಟ್ಟು ನೋಡಿದಾಗ ಸರಾಗವಾಗಿ ಹೊರಬರದ ಗುಂಡಿ ಪತ್ತೆಯಾಗುತ್ತದೆ. ಅನುಮಾನವಿರುವ ಸ್ವಿಚ್ಚಿನ ಸ್ಕ್ರೂ ಬಿಚ್ಚಿ ಹೊರತೆಗೆದು ತಂತಿಯನ್ನು ಕಳಚಬೇಕು. ಆಗ ದೀಪ ಆರಿದರೆ ದೋಷ ಆ ಸ್ವಿಚ್ಚಿನದೇ. ಎಲ್ಲ ಸ್ವಿಚ್ಚುಗಳನ್ನು ಕಳಚಿದ ಮೇಲೂ ಉರಿಯುತ್ತಿದ್ದರೆ ತಂತಿ ಎಲ್ಲೋ ಮೈಗೆ ತಾಗಿದೆ ಎಂದರ್ಥ. ಕಳಚಿದ ತಂತಿ ಕಂಬದೊಳಕ್ಕೆ ಜಾರಿಹೋಗದಂತೆ ದಾರ ಕಟ್ಟಿಡುವುದು ಒಳ್ಳೆಯದು. ತುಕ್ಕು ಅಲ್ಪವಾಗಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ಸಾಕು. ಗುಂಡಿ ಸವೆದಿದ್ದರೆ ಸ್ವಿಚ್ಚನ್ನೇ ಬದಲಾಯಿಸಬೇಕು.

ಸ್ವಿಚ್ಚು ಲಾಕ್‌ನ ಒಳಗಿರುವ ಕಾರಿನಲ್ಲಿ, ಬಾಗಿಲನ್ನು ತೆರೆದಿಟ್ಟು ಲಾಕ್‌ನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ ದೀಪ ಆರುವುದೇ ಎಂದು ನೋಡಬಹುದು. ಬಾಗಿಲು ಮುಚ್ಚುವ ಮೊದಲು ಹಿಡಿಯನ್ನು ಎಳೆದು ಕೊಂಡಿಯನ್ನು ಮತ್ತೆ ಬಿಡಿಸಲೇಬೇಕು. ಇಲ್ಲವಾದರೆ ಲಾಕ್‌ಗೆ ಹಾನಿಯಾಗುತ್ತದೆ. ನಿಯಂತ್ರಕದ ದೋಷವನ್ನು ಗ್ಯಾರೇಜಿನಲ್ಲಿ ಪರೀಕ್ಷಿಸಬೇಕಾಗುತ್ತದೆ.

ಮುಚ್ಚಿದ ಡಿಕ್ಕಿಯೊಳಗಿನ ದೀಪ ಹೊರಗಿನವರಿಗೆ ಕಾಣುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ಚಿತ್ರೀಕರಣ ಆರಂಭಿಸಿ ಒಳಗಿಟ್ಟು, ಡಿಕ್ಕಿಯನ್ನು ಕೊಂಚ ಹೊತ್ತು ಮುಚ್ಚಿ ತೆರೆದರೆ ದೀಪ ಆರಿತ್ತೇ ಎಂಬುದು ತಿಳಿಯುತ್ತದೆ.

ತಾತ್ಕಾಲಿಕ ಪರಿಹಾರ ಮತ್ತು ಎಚ್ಚರಿಕೆ

ದುರಸ್ತಿಯಾಗುವವರೆಗೆ ದೀಪದ ಸ್ವಿಚ್ಚನ್ನು ಆರಿಸಿಡಬಹುದು, ಇಲ್ಲವೇ ಬಲ್ಬನ್ನು ತೆಗೆದಿಡಬಹುದು. ಉರಿಯುತ್ತಿದ್ದ ಬಲ್ಬು ಬಿಸಿಯಾಗಿರುವುದರಿಂದ ತಣ್ಣಗಾದ ಮೇಲೆ ಮುಟ್ಟಬೇಕು. ಫ್ಯೂಸ್ ತೆಗೆದರೆ ಅದೇ ಫ್ಯೂಸ್‌ನಲ್ಲಿರುವ ರೇಡಿಯೊ, ಗಡಿಯಾರ ಮುಂತಾದವೂ ನಿಲ್ಲಬಹುದು. ಬ್ಯಾಟರಿಯ ಸಂಪರ್ಕ ತಪ್ಪಿಸುವಾಗ ಋಣಧ್ರುವದ ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸಬೇಕು. ಕಂಬಗಳಲ್ಲಿ ಅಥವಾ ಚಾವಣಿಯ ಅಂಚಿನಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅಲ್ಲಿನ ಹೊದಿಕೆಯನ್ನು ಸ್ವತಃ ಕೀಳಬಾರದು.

ಬಲ್ಬು ತೆಗೆದಾಗ ಬ್ಯಾಟರಿ ಉಳಿಯುತ್ತದೆ, ಆದರೆ ಕಾರಣ ಉಳಿದೇ ಇರುತ್ತದೆ. ಆರದ ದೀಪವು ಅರೆಮುಚ್ಚಿದ ಬಾಗಿಲಿನ ಸೂಚನೆಯೂ ಆಗಿರಬಹುದಾದ್ದರಿಂದ, ವಿಶೇಷವಾಗಿ ಹಿಂದಿನ ಆಸನದಲ್ಲಿ ಮಕ್ಕಳಿರುವಾಗ, ಎಲ್ಲ ಬಾಗಿಲುಗಳೂ ಭದ್ರವಾಗಿವೆ ಎಂದು ಖಚಿತಪಡಿಸಿಕೊಂಡ ನಂತರವೇ ದೀಪವನ್ನು ಆರಿಸಿ ಹೊರಡುವುದು ಸುರಕ್ಷಿತ.